ಸಿಹಿ ಮುಟ್ಟದ ಹರಕೆ

ಗುರುಬಸಮ್ಮ ನನಗೆ ವಾರಗಿತ್ತಿಯಾಗಬೇಕು, ನನ್ನ ಗಂಡನ ಅಣ್ಣ ಕುಮಾರಸ್ವಾಮಿ ಭಾವನ ಹೆಂಡತಿ. ನಾನು ಧನಗೆರೆಗೆ ಸೊಸೆಯಾಗಿ ಬಂದಾಗಿನಿಂದ ಅವರನ್ನು ಅಕ್ಕ ಅಂತಲೇ ಕರೆಯುವುದು. ಈಗ ಮನೆ ಎರಡಾಗಿದೆ, ನಡುವೆ ಗೋಡೆ ಎದ್ದಿದೆ, ಆದರೆ ಹಿತ್ತಲು ಒಂದೇ. ಅವರ ಮನೆಯ ಒಗ್ಗರಣೆ ವಾಸನೆ ನಮ್ಮ ಮನೆಗೆ ಬರುತ್ತದೆ, ನಮ್ಮ ಮನೆಯ ಜಗಳ ಅವರಿಗೆ ಕೇಳಿಸುತ್ತದೆ. ಹಾಗಿದ್ದೂ ನಾಲ್ಕು ವರ್ಷ ಅಕ್ಕ ಒಂದು ವಿಷಯವನ್ನು ನನ್ನಿಂದ ಮುಚ್ಚಿಟ್ಟರು. ನನ್ನೊಬ್ಬಳಿಂದ ಅಲ್ಲ, ಕಟ್ಟಿಕೊಂಡ ಗಂಡನಿಂದ, ಹೆತ್ತ ಮಗಳಿಂದಲೂ ಮುಚ್ಚಿಟ್ಟರು.

ಅಕ್ಕನ ದನಿ ದೊಡ್ಡದು. ಅರಿಶಿನ ಬೇಯಿಸುವ ಕಾಲದಲ್ಲಿ ಕಣದಲ್ಲಿ ನಿಂತು ಆಳುಗಳನ್ನು ಕೂಗಿದರೆ ಕಾಲುವೆಯಾಚೆ ಇದ್ದವರೂ ತಿರುಗಿ ನೋಡುತ್ತಿದ್ದರು. ನೆಂಟರ ಮುಂದೆ ಮಾತ್ರ ಆ ದನಿ ಎಲ್ಲಿಗೋ ಹೋಗಿಬಿಡುತ್ತಿತ್ತು. ಹಿರಿಯ ಗಂಡಸರೊಂದಿಗೆ ತಲೆ ಎತ್ತಿ ಮಾತಾಡಿದವರಲ್ಲ. ಮನೆಗೆ ಬಂದವರೆಲ್ಲ ಉಂಡ ಮೇಲೆ ತಾವು ತಟ್ಟೆ ಹಾಕಿಕೊಳ್ಳುವವರು. ಸೋಮವಾರ ಬಂತೆಂದರೆ ಒಪ್ಪತ್ತು. ಅದನ್ನು ಹೆರಿಗೆಯಾದ ವಾರವೂ ತಪ್ಪಿಸಲಿಲ್ಲ ಎಂದು ಊರಿನ ಹಿರಿಯ ಹೆಂಗಸರು ಹೇಳುತ್ತಿದ್ದರು.

ಸಿಹಿ ಅಂದರೆ ಅಕ್ಕನಿಗೆ ಪ್ರಾಣ. ಆಲೆಮನೆಯಿಂದ ಬಿಸಿ ಬೆಲ್ಲ ಬಂದರೆ ಅಚ್ಚಿಗೆ ಸುರಿಯುವ ಮೊದಲೇ ಒಂದು ಉಂಡೆ ಅವರ ಬಾಯಲ್ಲಿ. ಅಂಥವರು ಒಂದು ಯುಗಾದಿಯ ದಿನ ಎಲೆಯ ಮೇಲಿನ ಹೋಳಿಗೆಯನ್ನು ಪಕ್ಕಕ್ಕೆ ಸರಿಸಿದರು.

“ಯಾಕಕ್ಕ?” ಅಂತ ಕೇಳಿದೆ.

“ಭವ್ಯನ್ ಮದ್ವೆ ಆಗೋಗಂಟ ಸಿಹಿ ಮುಟ್ಟಲ್ಲ ಅಂತ ಮಾದಪ್ಪನ್ಗೆ ಅರಕೆ ಕಟ್ಕಂಡಿವ್ನಿ ಕಣವ್ವ.”

ಭವ್ಯ ಅವರ ಒಬ್ಬಳೇ ಮಗಳು. ಆಗಷ್ಟೇ ಬಿ.ಎಡ್. ಮುಗಿಸಿ ಕೊಳ್ಳೇಗಾಲದ ಒಂದು ಶಾಲೆಯಲ್ಲಿ ಪಾಠಕ್ಕೆ ಸೇರಿದ್ದಳು. ಮಗಳಿಗಾಗಿ ತಾಯಿ ಬೆಲ್ಲ ಬಿಟ್ಟಿದ್ದಾಳೆ ಎಂದು ಊರಿನ ಹೆಂಗಸರು ಮೆಚ್ಚಿಕೊಂಡರು. ನಾನೂ ಮೆಚ್ಚಿಕೊಂಡೆ. ಮದುವೆ ಮನೆಗಳಲ್ಲಿ ಬಡಿಸುವವರು ಅಕ್ಕನ ಎಲೆಯ ಮುಂದೆ ಬಂದರೆ ಪಕ್ಕದವರೇ, “ಅವ್ರಿಗೆ ಅಕ್ಬ್ಯಾಡಿ, ಅರಕೆ ಅದೆ” ಎಂದು ತಡೆಯುತ್ತಿದ್ದರು. ಆ ವರ್ಷಗಳಲ್ಲಿ ಅಕ್ಕ ಇಳಿದು ಹೋಗಿದ್ದರು. ಕುಪ್ಪಸಗಳೆಲ್ಲ ತೋಳಿನಲ್ಲಿ ಸಡಿಲವಾದವು. ಚೆಂಬುಗಟ್ಟಲೆ ನೀರು ಕುಡಿಯುತ್ತಿದ್ದರು. ಮುಟ್ಟು ನಿಲ್ಲುವ ವಯಸ್ಸು, ಹಾಗೆಲ್ಲ ಆಗುತ್ತದೆ ಎಂದು ನಾವು ನಾವೇ ತೀರ್ಮಾನ ಮಾಡಿಕೊಂಡೆವು.

ಭವ್ಯಳಿಗೆ ಯಳಂದೂರಿನಿಂದ ಒಂದು ಸಂಬಂಧ ಕೂಡಿಬಂತು. ಹುಡುಗನ ತಂದೆ ಶಿವನಂಜಯ್ಯನವರು, ಗದ್ದೆ ಇಟ್ಟುಕೊಂಡು ಅಕ್ಕಿ ವ್ಯಾಪಾರವನ್ನೂ ಮಾಡುವ ಮರ್ಯಾದಸ್ತರು. ಹುಡುಗ ಬಂದು ನೋಡಿಕೊಂಡು ಹೋಗಿದ್ದ, ಇಬ್ಬರಿಗೂ ಒಪ್ಪಿಗೆಯಾಗಿತ್ತು. ಇನ್ನು ನಾವು ಹೋಗಿ ಅವರ ಮನೆ ನೋಡಿ, ನಿಶ್ಚಿತಾರ್ಥದ ದಿನ ಮಾತಾಡಿಕೊಂಡು ಬರುವುದು ಬಾಕಿ. ಅವರು ಹೇಳಿದ ದಿನ ಸೋಮವಾರ.

ಕಾರಿನಲ್ಲಿ ನಾವು ಐದು ಜನ ಹೊರಟೆವು. ಭಾವ, ಅಕ್ಕ, ನಾನು, ಕಾರು ಓಡಿಸಲು ನಮ್ಮ ಮನೆಯವರು, ಮತ್ತೆ ರಾಚಮ್ಮ ಅತ್ತಿಗೆ. ಅತ್ತಿಗೆ ಭಾವನ ದೊಡ್ಡಕ್ಕ, ಹನೂರಿನ ಹತ್ತಿರ ಶಾಗ್ಯಕ್ಕೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಆಕೆಗೆ ಬೆಟ್ಟದ ಮಾದಪ್ಪನೇ ಎಲ್ಲ. ಪ್ರತಿ ಅಮಾವಾಸ್ಯೆಗೂ ಬೆಟ್ಟ. ತಾಯಿ ಇಲ್ಲದ ಮನೆಯಲ್ಲಿ ತಮ್ಮಂದಿರನ್ನು ಸಾಕಿದ ಹೆಂಗಸು, ಹಾಗಾಗಿ ಆಕೆಯ ಮಾತಿಗೆ ನಮ್ಮ ಮನೆಯ ಗಂಡಸರು ಎದುರಾಡಿದ್ದೇ ಇಲ್ಲ. ಹೊರಡುವಾಗ ಅಕ್ಕ ಒಂದು ಲೋಟ ನೀರು ಕುಡಿದಿದ್ದನ್ನು ನೋಡಿದೆ, ಅಷ್ಟೇ. ಒಪ್ಪತ್ತಲ್ಲವೇ, ಮಧ್ಯಾಹ್ನ ಅಲ್ಲೇ ಊಟ ಎಂದುಕೊಂಡಿದ್ದೆವು.

ಶಿವನಂಜಯ್ಯನವರ ಮನೆಯಲ್ಲಿ ಎಲ್ಲ ಚೆನ್ನಾಗಿಯೇ ಇತ್ತು. ಮನೆ ತೋರಿಸಿದರು, ಹಿತ್ತಲು ತೋರಿಸಿದರು. ಚಾಮರಾಜನಗರದಿಂದ ಹುಡುಗನ ಸೋದರಮಾವ ಬರಬೇಕಾಗಿತ್ತು, ಅವರು ಬಂದ ಮೇಲೆ ಮಾತು, ಮಾತಾದ ಮೇಲೆ ಊಟ ಅಂದರು. ಆತ ಬರುವುದು ತಡವಾಯಿತು. ಟೀಪಾಯಿಯ ಮೇಲೆ ತಟ್ಟೆಯಲ್ಲಿ ಬಾಳೆಹಣ್ಣು, ಖಾರ, ಮೈಸೂರು ಪಾಕು ಇಟ್ಟಿದ್ದರು. ಒಪ್ಪತ್ತೆಂದು ಅಕ್ಕ ಏನನ್ನೂ ಮುಟ್ಟಲಿಲ್ಲ.

ಮೊದಲು ಅಕ್ಕ ಆಕಳಿಸಿದರು. ಮತ್ತೆ ಮತ್ತೆ ಆಕಳಿಸಿದರು. ಫ್ಯಾನಿನ ಕೆಳಗೇ ಕೂತಿದ್ದರೂ ಹಣೆಯ ಮೇಲೆ ಬೆವರು ಸಾಲುಗಟ್ಟಿ, ವಿಭೂತಿ ಕರಗಿ ಹುಬ್ಬಿನ ಮೇಲೆ ಇಳಿಯುತ್ತಿತ್ತು. “ಅಕ್ಕ, ಸುಸ್ತಾಯ್ತಾ?” ಎಂದು ಕಿವಿಯಲ್ಲಿ ಕೇಳಿದೆ. ನನ್ನ ಮುಖವನ್ನು ಯಾರೋ ಗುರುತಿಲ್ಲದವಳನ್ನು ನೋಡುವಂತೆ ನೋಡಿದರು.

ಅಷ್ಟರಲ್ಲಿ ಶಿವನಂಜಯ್ಯನವರು ನಗುತ್ತಾ, “ಅಮ್ಮಾರು ಒಂದ್ ಮಾತೂ ಆಡ್ನಿಲ್ವಲ್ಲ” ಅಂದರು.

ಅಕ್ಕ ಅವರ ಕಡೆ ತಿರುಗಿ, “ಯಾರ್ಲಾ ನೀನು?” ಅಂದರು.

ಭಾವನ ಮುಖ ಬೂದಿ ಬಣ್ಣಕ್ಕೆ ತಿರುಗಿತು. ಅಕ್ಕ ಗಟ್ಟಿಯಾಗಿ ನಕ್ಕು ಎದ್ದು ನಿಂತರು. ನಿಂತವರು ವಾಲಿದರು, ಲೋಟಕ್ಕೆ ಕೈ ತಗುಲಿ ನೀರೆಲ್ಲ ಚೆಲ್ಲಿತು. ತುರುಬು ಬಿಚ್ಚಿ ಕೂದಲು ಹೆಗಲ ಮೇಲೆ ಬಿತ್ತು. ಅದನ್ನು ಕಟ್ಟಿಕೊಳ್ಳಬೇಕೆಂಬ ಎಣಿಕೆಯೇ ಅವರಿಗಿರಲಿಲ್ಲ. ಕಣ್ಣು ನಿಂತಲ್ಲಿ ನಿಂತಿತ್ತು, ಮೈ ನಡುಗುತ್ತಿತ್ತು. ಆಮೇಲೆ ಬಗ್ಗಿ ತಟ್ಟೆಯಿಂದ ಎರಡೂ ಕೈಯಲ್ಲಿ ಮೈಸೂರು ಪಾಕು ಬಾಚಿ ಬಾಯಿಗೆ ತುರುಕಿಕೊಂಡರು.

“ಬ್ಯಾಡ ಗುರುಬಸಿ, ಅರಕೆ ಮುರೀಬ್ಯಾಡ” ಎಂದು ರಾಚಮ್ಮ ಅತ್ತಿಗೆ ಹಾರಿ ಬಂದು ಅಕ್ಕನ ಮಣಿಕಟ್ಟು ಹಿಡಿದರು. ಒಂದು ಕೈಯಿಂದ ಗಲ್ಲ ಅದುಮಿ, ಇನ್ನೊಂದು ಕೈಯ ಬೆರಳು ಹಾಕಿ ಬಾಯೊಳಗಿದ್ದುದನ್ನು ತೆಗೆದರು. ಮುಷ್ಟಿಯಲ್ಲಿದ್ದುದನ್ನೂ ಬಿಡಿಸಿ ಬಿಸಾಡಿದರು. ಅಕ್ಕ ಕೊಸರಾಡಿದರು. ಮತ್ತೆ ತಟ್ಟೆಗೆ ಕೈ ಚಾಚಿದರು. ಅತ್ತಿಗೆ ತಟ್ಟೆಯನ್ನೇ ಒಳಗೆ ಕಳಿಸಿಬಿಟ್ಟರು.

“ಮಾದಪ್ಪ ಬಂದವ್ನೆ” ಎಂದು ಅತ್ತಿಗೆ ಎಲ್ಲರ ಕಡೆ ತಿರುಗಿ ಹೇಳಿದರು. “ಅರಕೆಲಿ ಏನೋ ತೆಪ್ಪಾಗದೆ. ಕರ್ಪೂರ ಕೊಡಿ.”

ಆ ಮನೆಯ ಹೆಂಗಸರು ಕೈ ಮುಗಿದರು. ಯಾರೋ ದೇವರ ಗೂಡಿನಿಂದ ಕರ್ಪೂರ, ವಿಭೂತಿ ತಂದುಕೊಟ್ಟರು. ಅತ್ತಿಗೆ ಅಕ್ಕನ ಹಣೆಗೆ ವಿಭೂತಿ ಬಳಿದು, “ಯಾರಪ್ಪ ಬಂದಿರದು, ಯೋಳು. ಏನ್ ಬೇಕು ನಿಂಗೆ?” ಎಂದು ಕೇಳಿದರು. ಅಕ್ಕ ಊಂ ಊಂ ಎಂದರು. “ಊ ಅಂತಾವ್ನೆ” ಅಂದರು ಅತ್ತಿಗೆ. ಅಕ್ಕನ ಬಲಗೈಯನ್ನು ಅಂಗಾತ ಹಿಡಿದು ಅಂಗೈ ಮೇಲೆ ಕರ್ಪೂರ ಇಟ್ಟು ಹಚ್ಚಿದರು. ದೇವರೇ ಬಂದಿದ್ದರೆ ಸುಡುವುದಿಲ್ಲ ಎಂಬ ನಂಬಿಕೆ ಅವರದು. ಉರಿ ಎದ್ದಿತು. ಅಕ್ಕ ಕೈ ಎಳೆದುಕೊಳ್ಳಲಿಲ್ಲ. ಅಂಗೈಯ ಮೇಲೆ ಬೆಂಕಿ ಉರಿಯುತ್ತಿದೆ, ಆಕೆ ಗೋಡೆ ನೋಡುತ್ತಿದ್ದಾರೆ. ಚರ್ಮ ಸುಟ್ಟ ವಾಸನೆ ನನ್ನ ಮೂಗಿಗೆ ಬಂತು. ಇವತ್ತಿಗೂ ಮಂಗಳಾರತಿಯ ಕರ್ಪೂರ ಹತ್ತಿರ ಬಂದರೆ ನಾನು ದೂರದಿಂದಲೇ ಕೈ ಮುಗಿದು ಸರಿಯುತ್ತೇನೆ.

“ನೋಡಿ, ಸುಡ್ನಿಲ್ಲ” ಎಂದು ಅತ್ತಿಗೆ ಹೇಳಿ ಮುಗಿಸುವಷ್ಟರಲ್ಲಿ ಅಕ್ಕನ ಕಣ್ಣು ಮೇಲಕ್ಕೆ ಹೋಯಿತು. ಕಡಿದ ಬಾಳೆಗಿಡದಂತೆ ಬಿದ್ದರು. ಕೈಕಾಲು ಸೆಟೆದು ಬಡಿದುಕೊಳ್ಳತೊಡಗಿದವು, ಬಾಯಲ್ಲಿ ನೊರೆ ಬಂತು. ಯಾರೋ ಬೀಗದ ಕೈಗೊಂಚಲು ತಂದು ಅವರ ಕೈಗೆ ತುರುಕಿದರು. ಇನ್ನು ಯಾರೋ ನೀರು ಹಾಕಲು ಬಂದರು, ನೀರು ಮೂಗಿಗೆ ಹೋಗಿ ಅಕ್ಕ ಗೊರಗೊರ ಎಂದರು. ನಮ್ಮ ಮನೆಯವರು ಅವರನ್ನು ಮಗ್ಗುಲಾಗಿ ತಿರುಗಿಸಿ, 108ಕ್ಕೆ ಫೋನು ಮಾಡಿದರು.

ಮಾತ್ರೆ ಏನಾದರೂ ಇದೆಯೇನೋ ಎಂದು ನಾನು ಅಕ್ಕನ ಎಲೆಅಡಿಕೆ ಚೀಲ ಸುರಿದೆ. ಎಲೆ, ಅಡಿಕೆ, ಒಂದು ಹಳೆಯ ಸುಣ್ಣದ ಡಬ್ಬಿ. ಮುಚ್ಚಳ ತೆಗೆದರೆ ಅದರಲ್ಲಿ ಸುಣ್ಣವಿರಲಿಲ್ಲ. ಶೀಟಿನಿಂದ ಬಿಡಿಸಿ ಹಾಕಿದ ಬಿಡಿ ಮಾತ್ರೆಗಳು, ಹೆಸರಿಲ್ಲ, ಗುರುತಿಲ್ಲ.

“ಇದೇನು ಮಾತ್ರೆ?” ಎಂದು ಶಿವನಂಜಯ್ಯನವರು ಭಾವನನ್ನು ಕೇಳಿದರು.

“ನಂಗೊತ್ತಿಲ್ಲ” ಅಂದರು ಭಾವ.

“ಏನಾರ ಔಷ್ದಿ ತಕಂಡವ್ರಾ? ಮನೇಲಿ ಏನಾರ ಮಾತುಕತೆ ಆಗಿತ್ತಾ?” ಎಂದು ಹುಡುಗನ ಕಡೆಯವರೊಬ್ಬರು ಕೇಳಿದರು. ನಮ್ಮ ಕಡೆ ಔಷಧಿ ಅಂದರೆ ಬೆಳೆಗೆ ಹೊಡೆಯುವ ವಿಷ ಕೂಡ. ಆ ಮಾತು ಕೇಳಿ ಭಾವ ನೆಲಕ್ಕೆ ಕುಸಿದರು. ಇಪ್ಪತ್ತೇಳು ವರ್ಷ ಸಂಸಾರ ಮಾಡಿದ ಹೆಂಡತಿ, ಮಗಳ ಮದುವೆ ಮಾತಿನ ಮನೆಯಲ್ಲಿ, ಯಾಕೆ ಹೀಗೆ ಮಾಡಿಕೊಂಡಳು ಎಂದು ಆ ಕ್ಷಣ ಅವರು ನಿಜವಾಗಿಯೂ ಅಂದುಕೊಂಡರು. ಇದನ್ನು ಅವರೇ ಆಮೇಲೆ ನನಗೆ ಹೇಳಿದ್ದು.

ಆಂಬುಲೆನ್ಸಿನಲ್ಲಿ ಬಂದದ್ದು ಕೋಮಲ ಎಂಬ ಹುಡುಗಿ. ಮಂಡಿಯೂರಿ ಕೂತವಳೇ ಅಕ್ಕನ ಬಾಯಿ ಒರೆಸಿ, “ಎಚ್ಚರ ಇಲ್ದೋರ ಬಾಯಿಗೆ ಏನೂ ಹಾಕ್ಬೇಡಿ” ಅಂದಳು. ಎರಡೂ ಕೈ ತಿರುಗಿಸಿ ನೋಡಿದಳು, ಕುತ್ತಿಗೆಗೆ ಬೆರಳು ಹಾಕಿ ಸರ, ದಾರವೆಲ್ಲ ಎಳೆದು ನೋಡಿದಳು. ತಾಳಿ, ಶಿವದಾರದಲ್ಲಿ ಬೆಳ್ಳಿಯ ಕರಡಿಗೆ, ಗಾಜಿನ ಬಳೆ. ಬೇರೇನೂ ಇರಲಿಲ್ಲ.

“ಕಾಯಿಲೆ ಗೊತ್ತಾಗೋಂಥ ಕಾರ್ಡು, ಬಳೆ ಏನಾದ್ರೂ ಇದ್ಯಾ? ಇವ್ರಿಗೆ ಶುಗರ್ ಇದ್ಯಾ? ಫಿಟ್ಸು? ಬಿಪಿ?”

“ಏನೂ ಇಲ್ಕಣವ್ವ” ಅಂದರು ಭಾವ. “ಗಟ್ಟಿಮುಟ್ಟಾಗವ್ಳೆ. ಒಂದ್ ದಿವ್ಸ ಮಲಗ್ದೋಳಲ್ಲ.”

ಆ ಹುಡುಗಿ ತಲೆಯಾಡಿಸಿ, ಆದರೂ ಬೆರಳಿಗೆ ಸೂಜಿ ಚುಚ್ಚಿ ರಕ್ತ ತೆಗೆದಳು. ಕೈಯಲ್ಲಿದ್ದ ಪುಟ್ಟ ಯಂತ್ರ ನೋಡಿ, “ಮೈಯಲ್ಲಿ ಸಕ್ಕರೆನೇ ಇಲ್ಲ” ಅಂದಳು. ನರಕ್ಕೆ ಸೂಜಿ ಹಾಕಿ ಗ್ಲೂಕೋಸು ಕೊಟ್ಟಳು. ನಾವು ನೋಡನೋಡುತ್ತಿದ್ದಂತೆ ಅಕ್ಕನ ಮುಖಕ್ಕೆ ಬಣ್ಣ ಬಂತು. ರೆಪ್ಪೆ ಬಡಿದರು. ಸುತ್ತ ನಿಂತವರನ್ನು ನೋಡಿ, ಮೊದಲು ಸೆರಗು ಹುಡುಕಿ ಎಳೆದುಕೊಂಡು, ಆಮೇಲೆ ನನ್ನನ್ನು ಕೇಳಿದರು: “ಎಲ್ರುದೂ ಊಟ ಆಯ್ತಾ?”



ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಆ ಡಬ್ಬಿಯನ್ನು ಅಕ್ಕನ ಮುಂದೆ ಹಿಡಿದು ಕೇಳಿದಾಗ ಅಕ್ಕ ಮುಚ್ಚಿಡಲಿಲ್ಲ. ನಾಲ್ಕು ವರ್ಷದ ಹಿಂದೆ, ಕಾಲಿನ ಗಾಯವೊಂದು ಮಾಯದೆ ಇದ್ದಾಗ, ಟೈಲರಿಗೆ ಕುಪ್ಪಸ ಕೊಟ್ಟು ಬರುತ್ತೇನೆಂದು ಕೊಳ್ಳೇಗಾಲಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿದ್ದರಂತೆ. ಸಕ್ಕರೆ ಕಾಯಿಲೆ ಎಂದು ಗೊತ್ತಾಗಿ ಮಾತ್ರೆ ಬರೆದುಕೊಟ್ಟಿದ್ದರು. ಒಂದೆರಡು ಸಲ ಡಾಕ್ಟರ ಹತ್ತಿರ ಹೋಗಿ, ಆಮೇಲೆ ಮಾತ್ರೆ ಮುಗಿದ ಖಾಲಿ ಶೀಟು ತೋರಿಸಿ ಔಷಧಿ ಅಂಗಡಿಯಲ್ಲಿ ಕೊಂಡು ತರುತ್ತಿದ್ದರು. ಸಿಹಿ ಬಿಡಬೇಕಿತ್ತು. ಬಿಟ್ಟರೆ ಯಾಕೆ ಎಂದು ಕೇಳುತ್ತಾರೆ. ಅದಕ್ಕೇ ಹರಕೆ ಕಟ್ಟಿದ್ದು.

“ಮಾದಪ್ಪನ್ ಎಸ್ರಲ್ಲಿ ಸುಳ್ಳಾಡ್ಬುಟ್ಟೆ” ಅಂದರು, ಛಾವಣಿ ನೋಡುತ್ತಾ.

ಭಾವ ಕಿಟಕಿಯ ಕಡೆ ತಿರುಗಿ ನಿಂತಿದ್ದರು. “ನಂಗಾದ್ರೂ ಯೋಳ್ಬಾರ್ದಾಗಿತ್ತಾ?” ಎಂದು ಕೇಳಿದರು. ಅವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ.

“ನಿಮ್ಗೆ ಯೋಳಿದ್ರೆ ನಿಮ್ಮಕ್ಕನ್ಗೆ ಯೋಳ್ತಿದ್ರಿ. ನಿಮ್ಮಕ್ಕನ್ಗೆ ಗೊತ್ತಾದ್ರೆ ಶಾಗ್ಯದಿಂದ ಈಚ್ಗೆ ಎಲ್ಲ ಊರ್ಗೂ ಗೊತ್ತಾಯ್ತಿತ್ತು. ತಾಯ್ಗೆ ಶುಗರ್ ಅಂದ್ರೆ ನಮ್ ಭವ್ಯನ್ನ ಯಾರ್ ತಕಂಡೋದಾರು?”

ಅಂದು ಬೆಳಿಗ್ಗೆ, ದೊಡ್ಡ ಮನೆಗೆ ಹೋಗುವ ದಿನ ತಲೆ ಸುತ್ತಬಾರದು ಎಂದು, ಬೇರೆ ಸೋಮವಾರ ಊಟದ ಹೊತ್ತಿಗೆ ನುಂಗುತ್ತಿದ್ದ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲೇ ನುಂಗಿದ್ದರು. ಆ ಮಾತ್ರೆ ಊಟ ಮಾಡಿದ್ದೀಯಾ ಇಲ್ಲವಾ ಎಂದು ಕೇಳುವುದಿಲ್ಲ, ಸಕ್ಕರೆ ಇಳಿಸುತ್ತಲೇ ಹೋಗುತ್ತದೆ ಎಂದು ಡಾಕ್ಟರಮ್ಮ ವಿವರಿಸಿದರು. ತೀರಾ ಇಳಿದಾಗ ಮಿದುಳಿಗೆ ಆಹಾರವಿಲ್ಲದೆ ಮನುಷ್ಯರು ಏನೇನೋ ಮಾತಾಡುತ್ತಾರೆ, ನಗುತ್ತಾರೆ, ಹೊಡೆಯುವುದಕ್ಕೂ ಬರುತ್ತಾರೆ. ಕುಡಿದಿದ್ದಾರೆ, ದೆವ್ವ ಮೆಟ್ಟಿದೆ ಎಂದೆಲ್ಲ ಜನ ತಿಳಿಯುತ್ತಾರೆ. ನುಂಗುವಷ್ಟು ಎಚ್ಚರ ಇರುವಾಗ ಒಂದು ಹಿಡಿ ಸಕ್ಕರೆಯೋ, ಬೆಲ್ಲವೋ, ಸಿಹಿ ತಿಂಡಿಯೋ ಕೊಟ್ಟಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲ ಅಂದರು. ಅದೇ ಮಾತ್ರೆಯಿಂದ ಸಕ್ಕರೆ ಮತ್ತೆ ಇಳಿಯಬಹುದು, ಮನೆಗೆ ಈಗಲೇ ಕಳಿಸುವುದಿಲ್ಲ ಎಂದೂ ಹೇಳಿದರು.

ಬಾಗಿಲ ಬಳಿ ನಿಂತಿದ್ದ ರಾಚಮ್ಮ ಅತ್ತಿಗೆಗೆ ಇದೆಲ್ಲ ಕೇಳಿಸಿತು. ಅವರು ತಮ್ಮ ಬಲಗೈಯ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದರು. “ಬಾಯ್ಗಾಕ್ಕಂಡಿದ್ದ ಕಿತ್ತೆ ಕಣ್ಲಾ ಕುಮಾರ” ಅಂದರು ತಮ್ಮನಿಗೆ. “ಅವ್ಳು ತಿಂತಿದ್ಲು. ನಾನು ಬೆಳ್ಳಾಕಿ ಕಿತ್ತೆ.” ಅತ್ತಿಗೆ ಅಲ್ಲಿಂದ ಹೊರಗೆ ಹೋದವರು ಯಾರಿಗೂ ಹೇಳದೆ ಬಸ್ಸು ಹತ್ತಿ ಶಾಗ್ಯಕ್ಕೆ ಹೋಗಿಬಿಟ್ಟರು.

ಶಿವನಂಜಯ್ಯನವರು ಮಾರನೇ ದಿನ ಎಳನೀರು ತಂದು ನೋಡಿಕೊಂಡು ಹೋದರು, ಮರ್ಯಾದೆಯಾಗಿಯೇ ಮಾತಾಡಿದರು. ಆದರೆ ಅಕ್ಕ ಮನೆಗೆ ಬಂದ ವಾರದಲ್ಲೇ ಸಂಬಂಧ ಕುದುರಿಸಿದ್ದ ಪುಟ್ಟಮಲ್ಲಪ್ಪ ಬಂದು ಜಗಲಿಯ ತುದಿಯಲ್ಲಿ ಕೂತ. ಕಾಫಿ ಬೇಡ ಅಂದಾಗಲೇ ನಮಗೆ ಅರ್ಥವಾಯಿತು.

“ದ್ಯಾವ್ರು ಮೈಮೇಲೆ ಬಂದಿದ್ರೆ ಅವ್ರು ಏನೂ ಅಂತಿರ್ನಿಲ್ಲ ಕಣ್ರಿ” ಅಂದ. “ಇದು ರಕ್ತದಲ್ಲಿರೋ ಕಾಯ್ಲೆ, ನಾಳೀಕೆ ಉಡ್ಗಿಗೂ ಬತ್ತದೆ ಅಂತಾವ್ರೆ. ಮುಚ್ಚಿಟ್ರಲ್ಲ ಅಂತ ಬ್ಯಾಸ್ರ ಬ್ಯಾರೆ.”

ಅಂಗೈಯ ಮೇಲೆ ಬೆಂಕಿಯಿಟ್ಟುಕೊಂಡು ನಿಂತಿದ್ದ ಹೆಂಗಸನ್ನು ಬೀಗಿತಿ ಮಾಡಿಕೊಳ್ಳಲು ಅವರು ತಯಾರಿದ್ದರು. ದಿನಕ್ಕೊಂದು ಮಾತ್ರೆ ನುಂಗುವವಳನ್ನು ಮಾಡಿಕೊಳ್ಳಲು ತಯಾರಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಭವ್ಯ ಬಂದಳು. ಅವಳ ಮುಖದಲ್ಲಿ ಅಳುವಿರಲಿಲ್ಲ.

“ಪುಟ್ಟಮಲ್ಲಪ್ಪಣ್ಣ, ಇನ್ಮೇಲೆ ನನ್ನ ಜಾತಕ ಎಲ್ಲಿಗೆ ತಗೊಂಡು ಹೋದರೂ ಅದನ್ನೇ ಮೊದಲು ಹೇಳಿ. ತಾಯಿಗೆ ಶುಗರ್ ಇದೆ ಅಂತ. ಹೆಸರು, ನಕ್ಷತ್ರ ಎಲ್ಲ ಆಮೇಲೆ.”

ಅಕ್ಕ ಅಡುಗೆಮನೆಯಲ್ಲಿ ಕೂತು ಅದನ್ನು ಕೇಳಿಸಿಕೊಂಡರು. ಬಟ್ಟೆ ಸುತ್ತಿದ ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಎಡಗೈಯಲ್ಲಿ ಮುಖ ಮುಚ್ಚಿಕೊಂಡರು. ನಾಲ್ಕು ವರ್ಷ ಯಾವುದಕ್ಕೆ ಹೆದರಿದ್ದರೋ ಅದೇ ಆಗಿಹೋಗಿತ್ತು.

ಸುಟ್ಟ ಗಾಯ ತಿಂಗಳುಗಟ್ಟಲೆ ಮಾಯಲಿಲ್ಲ. ಸಕ್ಕರೆ ಕಾಯಿಲೆಯವರಿಗೆ ಗಾಯ ಒಣಗುವುದು ನಿಧಾನ. ಒಣಗಿತು ಎಂದುಕೊಂಡಾಗ ಬಿರಿದು ಮತ್ತೆ ನೀರಾಡುತ್ತಿತ್ತು. ಅಕ್ಕ ಅನ್ನ ಕಲಸಿ ತಿನ್ನಲಾಗದೆ ಚಮಚ ಹಿಡಿದರು. ಡಾಕ್ಟರು ಮಾತ್ರೆ ಬದಲಾಯಿಸಿದರು, ಒಪ್ಪತ್ತು ನಿಲ್ಲಿಸಿದರು. ಬೆಲ್ಲದ ಚೂರು ಯಾವಾಗಲೂ ಹತ್ತಿರ ಇಟ್ಟುಕೊಳ್ಳಿ ಅಂದರು. ಜೊತೆಗೆ, ಕಾಯಿಲೆ ಇದೆ ಎಂದು ಬೇರೆಯವರಿಗೆ ಗೊತ್ತಾಗುವಂತೆ ಮೈಮೇಲೆ ಏನಾದರೂ ಧರಿಸಿ ಎಂದೂ ಹೇಳಿದರು. ಪರ್ಸಿನೊಳಗಿನ ಚೀಟಿ ಸಾಲದು, ಬಿದ್ದವರ ಪರ್ಸು ಎಲ್ಲಿರುತ್ತದೋ ಯಾರಿಗೆ ಗೊತ್ತು ಅಂದರು.

ಮಿಕ್ಕಿದ್ದಕ್ಕೆಲ್ಲ ಹೂಂ ಅಂದ ಅಕ್ಕ ಇದಕ್ಕೆ ಒಪ್ಪಲಿಲ್ಲ. “ಕಾಯ್ಲೆ ಎಸ್ರ ಬರ್ಕಂಡು ಕೈಗಾಕ್ಕಳದಾ? ಅದ್ಕಿಂತ ಅಣೆ ಮ್ಯಾಲೇ ಅಚ್ಚೆ ಉಯ್ಸ್ಬುಡಿ” ಅಂದರು.

ಭವ್ಯ ಬೇಳೆ ಆರಿಸುತ್ತಿದ್ದವಳು ತಟ್ಟೆ ಕೆಳಗಿಟ್ಟಳು. “ಅವತ್ತು ಅಪ್ಪ ಏನು ಹೇಳಿದರು ಗೊತ್ತಾ ನಿನಗೆ? ಇವಳಿಗೆ ಏನೂ ಕಾಯಿಲೆ ಇಲ್ಲ ಅಂತ ಹೇಳಿದರು. ಆ ಹುಡುಗಿ ಅಪ್ಪನ ಮಾತು ನಂಬಿದ್ದಿದ್ದರೆ ನೀನು ಇವತ್ತು ಇರ್ತಿದ್ಯಾ? ನಿನ್ನ ಕೈಲಿ ನಾಲ್ಕಕ್ಷರ ಇದ್ದಿದ್ದರೆ ಅತ್ತೆ ಆ ಮೈಸೂರು ಪಾಕು ಕಿತ್ಕೋತಿದ್ರಾ?”

ಅಕ್ಕ ಕೈಯ ಗಾಜಿನ ಬಳೆ ಸರಿಸಿ ಮಣಿಕಟ್ಟು ನೋಡಿಕೊಂಡು, “ಬೆಳ್ಳೀದಾದ್ರೆ ಮಾಡ್ಸು” ಅಂದರು.

ಕೊಳ್ಳೇಗಾಲದಲ್ಲಿ ಆಚಾರ್ ಒಬ್ಬರು ಪಟ್ಟಿಯಂತೆ ಅಗಲವಾದ ಬೆಳ್ಳಿ ಕಡಗ ಮಾಡಿಕೊಟ್ಟರು. ಅಕ್ಷರ ಕೊರೆಸಲು ಸ್ಟೀಲು ಪಾತ್ರೆ ಅಂಗಡಿಗೆ ಹೋದೆವು. ಗೃಹಪ್ರವೇಶದ ಉಡುಗೊರೆಗೆಲ್ಲ ಹೆಸರು ಕೊರೆಯುವ ಮುದುಕರೊಬ್ಬರು ಮೆಟ್ಟಿಲ ಮೇಲೆ ಮಿಷನ್ನು ಹಿಡಿದು ಕೂತಿದ್ದರು. ಕಡಗ ತಿರುಗಿಸಿ ನೋಡಿ, “ಯಾರ ನೆನಪಿಗೆ ಅಂತ ಹಾಕ್ಲವ್ವ?” ಎಂದು ಕೇಳಿದರು. ಭವ್ಯ ಬರೆದುಕೊಂಡು ಬಂದಿದ್ದ ಚೀಟಿ ಕೊಟ್ಟಳು. ಸಕ್ಕರೆ ಕಾಯಿಲೆ ಇದೆ, ಮಾತ್ರೆ ಸೇವನೆ, ಏನೇನೋ ಮಾತಾಡಿದರೆ ಸಿಹಿ ಕೊಡಿ, ಎಚ್ಚರ ಇಲ್ಲದಿದ್ದರೆ 108. ಕೆಳಗೆ ಅವಳ ಫೋನ್ ನಂಬರು, ಹಿಂಬದಿಗೆ ಅದೇ ಇಂಗ್ಲಿಷಿನಲ್ಲಿ. ಮುದುಕರು ಓದಿ ಮಿಷನ್ನು ಆರಿಸಿದರು.

“ಇದು ಕಾಯ್ಲೆ ಎಸ್ರಲ್ವಾ?”

“ಹೌದು, ದಪ್ಪಕ್ಷರದಲ್ಲಿ ಹಾಕಿ” ಅಂದಳು ಭವ್ಯ.

ಅಕ್ಕ ಮೊದಮೊದಲು ಸೆರಗು ಮುಚ್ಚಿಕೊಂಡೇ ಓಡಾಡಿದರು. ಬಾವಿಕಟ್ಟೆಯ ಹತ್ತಿರ ಚೆಲುವಮ್ಮ ಎಂಬಾಕೆ ಕೈ ಹಿಡಿದು ಎಳೆದು ಓದಿ, “ಅಯ್ಯೋ, ನಿಂಗೂವಾ? ನಂಗೂ ಅದೆ ಕಣಕ್ಕ, ಸೊಸೆಗೆ ಯೋಳಿಲ್ಲ” ಎಂದು ಪಿಸುಗುಟ್ಟಿದಳಂತೆ. ಅಕ್ಕ ಆ ರಾತ್ರಿ ಅದನ್ನು ಹೇಳುವಾಗ ನಗಬೇಕೋ ಬಿಡಬೇಕೋ ಗೊತ್ತಾಗದಂತೆ ನನ್ನ ಮುಖ ನೋಡಿದರು. ಆಮೇಲೆ ಸೆರಗು ಮುಚ್ಚಿಕೊಳ್ಳುವುದು ನಿಂತಿತು.

ರಾಚಮ್ಮ ಅತ್ತಿಗೆ ಮಾತ್ರ ಧನಗೆರೆಯ ಕಡೆ ತಲೆ ಹಾಕಲಿಲ್ಲ. ಫೋನು ಎತ್ತುತ್ತಿರಲಿಲ್ಲ. ಕೊನೆಗೆ ಅಕ್ಕನೇ, “ನಡಿ ಕವಿತ, ಓಗಿ ಬರಣ” ಅಂದರು. ಹನೂರಿನ ಬಸ್ಸಿನಲ್ಲಿ ಅಕ್ಕನಿಗೆ ಜೊಂಪು ಹತ್ತಿತು. ಎದುರು ಸೀಟಿನ ಕಾಲೇಜು ಹುಡುಗಿಯೊಬ್ಬಳು ಕಡಗ ಓದಿದವಳೇ ಗಾಬರಿಯಾಗಿ ಅಕ್ಕನ ಭುಜ ಅಲ್ಲಾಡಿಸಿ, ಚೀಲದಿಂದ ಚಾಕೊಲೇಟು ತೆಗೆದು ಬಾಯಿಗೆ ಹಿಡಿದಳು. “ನಿದ್ದೆ ಕಣವ್ವ, ಬರೀ ನಿದ್ದೆ” ಎಂದು ಅಕ್ಕ ಅವಳ ಕೆನ್ನೆ ಸವರಿದರು.

ಶಾಗ್ಯದಲ್ಲಿ ಅತ್ತಿಗೆ ನಮ್ಮನ್ನು ನೋಡಿ ಬಾಗಿಲಲ್ಲೇ ನಿಂತರು. ಒಳಗೆ ಬನ್ನಿ ಎಂದವರು ಅಕ್ಕನ ಅಂಗೈ ನೋಡಲಿಲ್ಲ, ಮುಖವನ್ನೂ ನೋಡಲಿಲ್ಲ. ಹಿತ್ತಲಲ್ಲಿ ಸೌದೆ ಒಡೆಸುತ್ತಿದ್ದರಂತೆ, ಚಪ್ಪಲಿ ಬಾಗಿಲಲ್ಲಿ ಬಿಟ್ಟು ಕಾಫಿಗೆ ಇಡಲು ಒಳಗೆ ಹೋದರು. ತೊಳೆದ ಕೆಂಪು ನೆಲದ ಮೇಲೆ ಅವರು ಹೋದ ದಾರಿಯಲ್ಲಿ ಒಂದೊಂದೇ ಒದ್ದೆ ಗುರುತು ಬೀಳುತ್ತಿತ್ತು. ನೀರು ಎಂದುಕೊಂಡೆ. ಅಕ್ಕ ಬಗ್ಗಿ ಬೆರಳಿಂದ ಮುಟ್ಟಿದರು. ರಕ್ತ.

“ಅತ್ತಿಗೆಮ್ಮ, ಕೂತ್ಕಳಿ. ಕಾಲ್ ತೋರಿ” ಅಂದರು ಅಕ್ಕ.

“ಏನಾಗಿದ್ದದು ಕಾಲ್ಗೆ?” ಎಂದು ಅತ್ತಿಗೆ ಮಣೆಯ ಮೇಲೆ ಕೂತು ಪಾದ ತಿರುಗಿಸಿದರು. ಹೆಬ್ಬೆರಳಿನ ಬುಡದಲ್ಲಿ ಒಂದು ಮೊಳೆ ಮುರಿದು ಒಳಗೇ ಕೂತಿತ್ತು. ಸುತ್ತ ಕಪ್ಪಗೆ ಬಾತು ಕೀವು ಕಟ್ಟಿತ್ತು. ಅದು ಇವತ್ತಿನ ಗಾಯವಲ್ಲ. ಬಾಗಿಲ ಬಳಿಯ ಚಪ್ಪಲಿ ಎತ್ತಿ ನೋಡಿದೆ; ಮೊಳೆಯ ಇನ್ನೊಂದು ತುಂಡು ಅಟ್ಟೆಯಲ್ಲಿತ್ತು. ಆಕೆ ಎಷ್ಟು ದಿನದಿಂದ ಅದರ ಮೇಲೆ ನಡೆದಾಡಿದ್ದರೋ.

ಅತ್ತಿಗೆ ಬೇರೆ ಯಾರದೋ ಕಾಲನ್ನು ನೋಡುವಂತೆ ತಮ್ಮ ಪಾದವನ್ನು ನೋಡುತ್ತಿದ್ದರು.

ಆಟೋ ಹಿಡಿದು ಹನೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅತ್ತಿಗೆಯ ಸಕ್ಕರೆ ಐನೂರರ ಹತ್ತಿರ ಇತ್ತು. ಬದುಕಿನಲ್ಲಿ ಒಮ್ಮೆಯೂ ಪರೀಕ್ಷೆ ಮಾಡಿಸಿದವರಲ್ಲ. ವರ್ಷಗಟ್ಟಲೆ ಸಕ್ಕರೆ ಏರಿಯೇ ಇದ್ದು ಪಾದದ ನರಗಳು ಸತ್ತಿವೆ, ಅದಕ್ಕೇ ಮೊಳೆ ಚುಚ್ಚಿದ್ದು ಗೊತ್ತಾಗಿಲ್ಲ ಅಂದರು. ಅಲ್ಲಿಂದ ಮೈಸೂರಿಗೆ ಕಳಿಸಿದರು. ಎರಡು ಬೆರಳು ತೆಗೆಯಬೇಕಾಯಿತು, ಪಾದ ಉಳಿಯಿತು. ಮೈಸೂರಿನಲ್ಲಿ ಅಷ್ಟೂ ದಿನ ಆಕೆಯ ಮಂಚದ ಪಕ್ಕದಲ್ಲಿದ್ದದ್ದು ಅಕ್ಕ. ಆ ಸುಟ್ಟ ಕೈಯಲ್ಲೇ ಗಂಜಿ ಕುಡಿಸುತ್ತಿದ್ದರು.

ಕಾಲಿನ ಕಟ್ಟು ಬಿಚ್ಚಿ ಮತ್ತೆ ಕಟ್ಟಿದ ಒಂದು ಮಧ್ಯಾಹ್ನ ಅತ್ತಿಗೆ ಅಕ್ಕನ ಅಂಗೈಯನ್ನು ಎಳೆದುಕೊಂಡು ನೋಡಿದರು. ಯಳಂದೂರಿನ ಆ ದಿನದ ನಂತರ ಅದನ್ನು ಅವರು ನೋಡಿದ್ದು ಅದೇ ಮೊದಲು.

“ನಿಂಗೆ ಅವತ್ತು ಉರೀನಿಲ್ವಾ ಗುರುಬಸಿ?”

“ನಂಗೇನೂ ಗ್ಯಾನ ಇಲ್ಲ ಅತ್ತಿಗೆಮ್ಮ.”

“ನಂಗೆ ಗ್ಯಾನ ಇತ್ತಲ್ಲ” ಅಂದರು ಅತ್ತಿಗೆ. “ಮೊಳೆ ಮ್ಯಾಲೇ ನಡ್ದಿವ್ನಿ. ಎಚ್ಚರವಾಗೇ ನಡ್ದಿವ್ನಿ. ಯಾವ ದ್ಯಾವ್ರೂ ಬಂದಿರ್ನಿಲ್ಲ, ಒಂದ್ ಚೂರೂ ನೋವಾಗ್ನಿಲ್ವಲ್ಲ.”

ಅಕ್ಕ ಹೊದಿಕೆ ಎಳೆದು ಅವರ ಕಾಲಿನ ಮೇಲೆ ಹಾಕಿದರು.